ದಿಲ್ಲಿಗೆ ಹೋಗುವವರು ಯಾತ್ರಿಕರೋ, ಅಹವಾಲುದಾರರೋ?

ನಮ್ಮ ನಾಡಿನಲ್ಲಿ ಒಂದು ಹೊಸ ಯಾತ್ರೆಯ ಸಂಪ್ರದಾಯವು ಬೆಳೆದು ಬಂದಿರುವದು. ಹಿಂದಿನವರು ಕಾಶಿಗೆ ಹೋಗಿ ಗಂಗೆಯ ತಂಬಿಗೆಯನ್ನು ತಂದು ಊರವರಿಗೆಲ್ಲ ತೀರ್ಥವನ್ನು ಹಂಚುತ್ತಿದ್ದರು. ಇಂದಿನವರು ದಿಲ್ಲಿಗೆ ಹೋಗಿ ಮಂತ್ರಿಗಳ ಮಗ್ಗುಲಲ್ಲಿ ನಿಂತು ತೆಗೆಯಿಸಿಕೊಂಡ ಭಾವಚಿತ್ರವನ್ನು ತಂದು ಪತ್ರಿಕೆಗಳಿಗೆ ಹಂಚುತ್ತಾರೆ. ಚಿತ್ರದ ಕೆಳಗಿನ ವಾಕ್ಯವೂ ಎಂದಿಗೂ ಬದಲಾಗುವದಿಲ್ಲ: ಶಿಷ್ಟಮಂಡಲವು ಮಾನ್ಯ ಸಚಿವರನ್ನು ಕಂಡು ಮನವಿಯನ್ನು ಅರ್ಪಿಸಿತು, ಸಚಿವರು ಸಹಾನುಭೂತಿಯಿಂದ ಪರಿಶೀಲಿಸುವದಾಗಿ ಆಶ್ವಾಸನವಿತ್ತರು. ಈ ಎರಡು ಸಾಲುಗಳನ್ನು ಮುದ್ರಣಾಲಯದವರು ಒಮ್ಮೆ ಜೋಡಿಸಿ ಇಟ್ಟುಕೊಂಡರೆ ಹತ್ತು ವರ್ಷಗಳ ಶ್ರಮವು ಉಳಿದೀತು.

ಯಾತ್ರೆಯ ವೆಚ್ಚವನ್ನು ಯಾತ್ರಿಕರೇ ಕೊಡುತ್ತಿದ್ದರೆ ಇದನ್ನು ನಕ್ಕು ಬಿಡಬಹುದಾಗಿತ್ತು. ಆದರೆ ಕೊಡುವವರು ಬೇರೆ. ಮಲಪ್ರಭೆಯ ಕಾಲುವೆಯಲ್ಲಿ ನೀರು ಕಾಣದ ನವಲಗುಂದ, ನರಗುಂದಗಳ ಎರೆಹೊಲದ ಒಕ್ಕಲಿಗನು ಹತ್ತು ಇಪ್ಪತ್ತು ರೂಪಾಯಿ ಕೊಟ್ಟಿರುತ್ತಾನೆ; ಶಾಲಾ ಮಾಸ್ತರರು ಸಂಬಳದ ದಿವಸ ನೂರು ರೂಪಾಯಿ ತೆಗೆದಿಟ್ಟಿರುತ್ತಾರೆ; ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ಜೋಳಿಗೆಗೆ ಕೈಗೆ ಬಂದಷ್ಟು ಹಾಕಿರುತ್ತಾಳೆ. ಅಂಥ ಹಣದಿಂದ ಹತ್ತಿದ ಉಗಿಬಂಡಿಯು ಬರಿಗೈಯಿಂದ ಹಿಂದಿರುಗುವದು ಅಪರಾಧವೆಂದೇ ನಾವು ಎಣಿಸುತ್ತೇವೆ. ಆದುದರಿಂದ ಈ ವಾರ ದಿಲ್ಲಿಯನ್ನು ಬಯ್ಯುವ ಕೆಲಸವನ್ನು ಬದಿಗಿಟ್ಟು, ದಿಲ್ಲಿಗೆ ಹೋಗುವ ನಮ್ಮವರಿಗೇ ನಾಲ್ಕು ಮಾತು ಹೇಳತಕ್ಕದ್ದಿದೆ. ಕಟುವಾದರೆ ಕ್ಷಮಿಸಬೇಕು.

ಹೋಗುವದೇ ಬೇಡವೆನ್ನುವ ಪಂಡಿತರೂ ಇದ್ದಾರೆ. ಊರಲ್ಲಿ ಕುಳಿತೇ ಪತ್ರ ಬರೆದರೆ ಸಾಲದೇ, ರಾಜಧಾನಿಯ ಬಾಗಿಲು ಕಾಯುವದು ದೈನ್ಯವಲ್ಲವೇ, ಎಂದು ಅವರು ಕೇಳುತ್ತಾರೆ. ಕನ್ನಡಿಗನು ರಾಜಧಾನಿಗಳ ಬಾಗಿಲು ಕಾದದ್ದು ಇಂದು ನಿನ್ನೆಯದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳವರು ಮುಂಬಯಿಗೆ, ಮಂಗಳೂರು, ಬಳ್ಳಾರಿಯವರು ಮದ್ರಾಸಿಗೆ, ಕಲಬುರ್ಗಿ, ರಾಯಚೂರು, ಬೀದರದವರು ಹೈದರಾಬಾದಿಗೆ ಅಲೆದಲೆದು, ತಮ್ಮ ಮಾತು ತಿಳಿಯದ ಕಾರಕೂನರ ಮುಂದೆ ಕೈಕಟ್ಟಿ ನಿಂತು ಸವೆದರು. 1956ರ ನವೆಂಬರ 1ರಂದು ಆ ಅಲೆದಾಟದ ದೊಡ್ಡ ಪಾಲು ಮುಗಿಯಿತು. ಏಕೀಕರಣದಿಂದ ಏನಾಯಿತೆಂದು ಕೇಳುವವರಿಗೆ ಇದೊಂದು ಉತ್ತರವೇ ಸಾಕು. ಆದರೆ ಅಂತರರಾಜ್ಯ ನದಿಗಳ ನೀರು, ರೇಲ್ವೆ, ಸೀಮೆಯ ಪ್ರಶ್ನೆ ಇವು ಕೇಂದ್ರದ ಕೈಯಲ್ಲಿಯೇ ಉಳಿದಿರುವದರಿಂದ ದಿಲ್ಲಿಯ ದಾರಿಯು ತಪ್ಪುವದಿಲ್ಲ.

ದಾರಿ ಹಿಡಿದು ಹೋಗಿ ಕಾರ್ಯ ಸಾಧಿಸಿಕೊಂಡು ಬಂದ ಉದಾಹರಣೆಯೂ ನಮ್ಮಲ್ಲಿಯೇ ಇದೆ. 1920ರಲ್ಲಿ ಧಾರವಾಡದಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಕೂಡಿತು. ಅದೇ ಡಿಸೆಂಬರದಲ್ಲಿ ನಾಗಪುರದ ಕಾಂಗ್ರೆಸ್ಸಿಗೆ ಕರ್ನಾಟಕದಿಂದ ಸುಮಾರು 800 ಪ್ರತಿನಿಧಿಗಳು ಹೊರಟರು. ಅವರ ಬೇಡಿಕೆಯು ಒಂದೇ ಆಗಿತ್ತು: ಕಾಂಗ್ರೆಸ್ಸು ತನ್ನ ಪ್ರಾಂತಗಳನ್ನು ಭಾಷೆಯ ಮೇಲೆ ವಿಂಗಡಿಸಬೇಕು, ಕರ್ನಾಟಕಕ್ಕೆ ತನ್ನದೇ ಆದ ಪ್ರಾಂತಿಕ ಸಮಿತಿಯು ಬೇಕು. ನಾಗಪುರದಲ್ಲಿ ಅದು ಒಪ್ಪಿಗೆಯಾಯಿತು. ನಾಲ್ಕೇ ವರ್ಷಗಳಲ್ಲಿ, 1924ರಲ್ಲಿ, ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ಸು ಬೆಳಗಾವಿಗೇ ಬಂದಿತು. ಎಂಟುನೂರು ಜನ, ಒಂದು ಬೇಡಿಕೆ. ಇಂದು ನಮ್ಮ ಎಂಟು ಜನರ ಶಿಷ್ಟಮಂಡಲವು ಹದಿನೆಂಟು ಬೇಡಿಕೆಗಳನ್ನು ಹೊತ್ತು ಹೋಗುವದು.

ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯಲ್ಲಿ ಒಂದು ಸಂಗತಿಯಿದೆ. ಆಯೋಗಕ್ಕೆ ದೇಶದೆಲ್ಲೆಡೆಯಿಂದ ಬಂದ ಕಾಗದಪತ್ರಗಳು 1,52,250. ಇವುಗಳಲ್ಲಿ ಬಹುಪಾಲು ತಂತಿಗಳು, ಠರಾವುಗಳು, ಒಂದೇ ಅಚ್ಚಿನ ಪತ್ರಗಳು. ವಿಚಾರಪೂರ್ವಕವಾಗಿ ಬರೆದ ಮನವಿಗಳು ಸುಮಾರು 2,000ಕ್ಕೆ ಮೀರಲಿಲ್ಲವೆಂದು ಆಯೋಗದವರೇ ಬರೆದಿದ್ದಾರೆ. ಕೂಗಿದವರು ಒಂದೂವರೆ ಲಕ್ಷ, ಮಾತನಾಡಿದವರು ಎರಡು ಸಾವಿರ. ದಿಲ್ಲಿಗೆ ಹೊರಡುವವರು ತಾವು ಯಾವ ಗುಂಪಿಗೆ ಸೇರತಕ್ಕವರೆಂಬದನ್ನು ಟಿಕೀಟು ಕೊಳ್ಳುವ ಮೊದಲೇ ನಿಶ್ಚಯಿಸಬೇಕು.

ಇನ್ನು ಯಾವ ಬಾಗಿಲನ್ನು ತಟ್ಟಬೇಕೆಂಬ ಪ್ರಶ್ನೆ. ಮಹಾದಾಯಿಯ ಸಂಗತಿಯನ್ನೇ ನೋಡೋಣ. 2010ರಲ್ಲಿ ನ್ಯಾಯಮಂಡಳಿಯು ನೇಮಕವಾಯಿತು. 2015ರ ಜುಲೈದಿಂದ ನರಗುಂದದಲ್ಲಿ ರೈತರು ಧರಣಿ ಕುಳಿತರು. 2018ರ ಆಗಸ್ಟ 14ರಂದು ತೀರ್ಪು ಬಂದು, ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರು ದೊರೆಯಿತು, ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಕೂಡಿ 3.9 ಟಿ.ಎಂ.ಸಿ. ಈ ತೀರ್ಪು 2020ರ ಫೆಬ್ರವರಿ 27ರಂದು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾಯಿತು. 2022ರ ಡಿಸೆಂಬರದಲ್ಲಿ ಕೇಂದ್ರ ಜಲ ಆಯೋಗವು ಯೋಜನೆಯ ವಿಸ್ತೃತ ವರದಿಗೆ ಒಪ್ಪಿಗೆಯನ್ನಿತ್ತಿತು. ಅಲ್ಲಿಂದ ಮುಂದೆ ಪ್ರಶ್ನೆಯು ನೀರಿನ ಇಲಾಖೆಯ ಮನೆಯನ್ನು ಬಿಟ್ಟು ಅರಣ್ಯ, ವನ್ಯಜೀವಿಗಳ ಸಮ್ಮತಿಯ ಮನೆಗೆ ಹೋಯಿತು. ಅರ್ಥಾತ್ ಕಡತವು ಜಲಶಕ್ತಿ ಸಚಿವಾಲಯದಿಂದ ಜೋರ್ ಬಾಗಿನ ಇಂದಿರಾ ಪರ್ಯಾವರಣ ಭವನದ ದಾರಿಯನ್ನು ಹಿಡಿಯಿತು. ಆದರೆ ಆಮೇಲೆಯೂ ನಮ್ಮವರಲ್ಲಿ ಕೆಲವರು ಹಳೆಯ ಬಾಗಿಲಿಗೇ ಹಾರ ತುರಾಯಿಗಳನ್ನು ಹೊತ್ತರು. ನೀರಿನ ಸಚಿವರು ನಗುನಗುತ್ತ ಮನವಿಯನ್ನು ತೆಗೆದುಕೊಳ್ಳದೆ ಏನು ಮಾಡಿಯಾರು? ತಮ್ಮ ಕೈಯಲ್ಲಿಲ್ಲದ ಕೆಲಸಕ್ಕೆ ಸಹಾನುಭೂತಿಯನ್ನು ತೋರುವದು ಯಾರಿಗೂ ಸುಲಭ. ಮೆಟ್ರೋ ಬಂಡಿಯಲ್ಲಿ ಕೇಂದ್ರೀಯ ಸಚಿವಾಲಯದಿಂದ ಜೋರ್ ಬಾಗು ಮೂರನೆಯ ನಿಲ್ದಾಣ. ಅಷ್ಟು ದೂರ ಹೋಗದೆ ನಾವು ಎರಡು ಸಾವಿರ ಕಿಲೋಮೀಟರು ಹೋಗಿ ಬಂದೆವು!

ಕೆಲವು ಸಚಿವಾಲಯಗಳು 2025ರಿಂದ ಹಳೆಯ ಭವನಗಳನ್ನು ಬಿಟ್ಟು ಹೊಸ ಕರ್ತವ್ಯ ಭವನಗಳಿಗೆ ಹೋಗಿರುವದೂ ಉಂಟು. ಹತ್ತು ವರ್ಷಗಳ ಹಿಂದೆ ಹೋಗಿ ಬಂದವರ ನೆನಪನ್ನು ನಂಬದೆ, ಹೊರಡುವ ವಾರವೇ ವಿಳಾಸವನ್ನು ವಿಚಾರಿಸಿಕೊಳ್ಳತಕ್ಕದ್ದು. ರಾಜ್ಯ ಸರಕಾರದ ವಿಶೇಷ ಪ್ರತಿನಿಧಿಯ ಹುದ್ದೆಯೊಂದು ದಿಲ್ಲಿಯಲ್ಲಿದೆ. ಕಡತವು ಯಾರ ಮೇಜಿನ ಮೇಲಿದೆಯೆಂದು ಮೊದಲು ಅವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಉತ್ತರ ಬಾರದಿದ್ದರೆ ಮೊದಲ ಧರಣಿಯು ಬೆಂಗಳೂರಿನಲ್ಲಿಯೇ ಆಗಲಿ. ಅದರ ಖರ್ಚು ಕಡಿಮೆ.

ಪರರ ತಪ್ಪನ್ನು ಎಣಿಸುವಾಗ ನಮ್ಮದನ್ನು ಮುಚ್ಚಿಡುವದು ನ್ಯಾಯವಲ್ಲ. ಕೆಲವು ವರ್ಷಗಳ ಹಿಂದೆ ನಾವೂ ಹನ್ನೊಂದು ಜನರ ಒಂದು ಶಿಷ್ಟಮಂಡಲದಲ್ಲಿ ಹೋಗಿದ್ದೆವು. ಮನವಿಯು ಹದಿನಾಲ್ಕು ಪುಟಗಳದು. ಅದರಲ್ಲಿ ಐದು ಪುಟಗಳು ಚಾಲುಕ್ಯರ ಕೀರ್ತಿಗೇ ಮೀಸಲಾಗಿದ್ದವು. ಅಧಿಕಾರಿಗಳು ಪುಟಗಳನ್ನು ಮಗುಚಿ ನೋಡಿ, ನಿಮಗೆ ಬೇಕಾದುದೇನೆಂದು ಕೇಳಿದರು. ಒಬ್ಬರು ಒಂದು ಹೇಳಿದರು, ಮತ್ತೊಬ್ಬರು ಅದನ್ನು ತಿದ್ದಿದರು, ಮೂರನೆಯವರು ಬೇರೊಂದು ವಿಷಯಕ್ಕೆ ಹೋದರು. ಏಳೆಂಟು ನಿಮಿಷಗಳಲ್ಲಿ ನಾವು ಹೊರಗಿನ ಓಣಿಯಲ್ಲಿದ್ದೆವು. ಕಾಗದವನ್ನು ಯಾರೋ ಸಹಾಯಕರು ತೆಗೆದುಕೊಂಡರು, ನಾವು ಸ್ವೀಕೃತಿಯನ್ನು ಕೇಳಲಿಲ್ಲ. ಆರು ತಿಂಗಳ ಮೇಲೆ ವಿಚಾರಿಸಿದಾಗ ಅಂಥ ಮನವಿಯು ದಫ್ತರದಲ್ಲಿ ಕಂಡುಬರುವದಿಲ್ಲವೆಂಬ ಉತ್ತರವು ಬಂದಿತು. ದಿನಾಲು ನ್ಯಾಯಾಲಯದಲ್ಲಿ ಕಾಗದ ಹಾಕಿ ಮೊಹರು ಹಾಕಿಸಿಕೊಳ್ಳುವ ವಕೀಲರಾದ ನಾವು ದೇಶದ ರಾಜಧಾನಿಯಲ್ಲಿ ಅದನ್ನು ಮರೆತೆವು. ಅಧಿಕಾರಿಗಳನ್ನು ನಾವು ದೂಷಿಸಲಾರೆವು.

ಅಂದಿನಿಂದ ನಾವು ಕಲಿತದ್ದಿಷ್ಟು. ಮನವಿಯು ಎರಡು ಪುಟಗಳಿಗೆ ಮೀರಬಾರದು; ಬೇಡಿಕೆಯು ಮೊದಲನೆಯ ಪರಿಚ್ಛೇದದಲ್ಲಿಯೇ ಇರಬೇಕು, ಅದೂ ಒಂದೇ ಇರಬೇಕು. ತೀರ್ಪಿನ ತಾರೀಖು, ರಾಜಪತ್ರದ ತಾರೀಖು, ಹಿಂದಿನ ಪತ್ರಗಳ ಸಂಖ್ಯೆ ಇವನ್ನು ಕಾಣಿಸಿ, ಪ್ರತಿಗಳನ್ನು ಹಿಂದೆ ಲಗತ್ತಿಸಬೇಕು. ಮಾತನಾಡುವವರು ಒಬ್ಬರೇ, ಉಳಿದವರು ಎಷ್ಟೇ ದೊಡ್ಡವರಿದ್ದರೂ ಮೌನವಾಗಿರತಕ್ಕದ್ದು. ಸಚಿವರ ಕೈಗೆ ಕೊಟ್ಟ ಪ್ರತಿಯಲ್ಲದೆ ಮತ್ತೊಂದನ್ನು ಸ್ವೀಕಾರದ ಖಿಡಕಿಯಲ್ಲಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಮೊಹರನ್ನೂ ನೋಂದಣಿಯ ಸಂಖ್ಯೆಯನ್ನೂ ಪಡೆಯದೆ ಅಲ್ಲಿಂದ ಕದಲಬಾರದು. ಈ ಸಂಖ್ಯೆಯಿದ್ದರೆ, 2005ರ ಮಾಹಿತಿ ಹಕ್ಕಿನ ಕಾಯದೆಯಂತೆ ಹತ್ತು ರೂಪಾಯಿ ಕೊಟ್ಟು, ಹುಬ್ಬಳ್ಳಿಯಲ್ಲಿ ಕುಳಿತೇ ಕಡತದ ಹೆಜ್ಜೆಯನ್ನು ಹಿಂಬಾಲಿಸಬಹುದು. ಮೂವತ್ತು ದಿವಸಗಳೊಳಗೆ ಉತ್ತರ ಕೊಡುವದು ಅವರ ಕರ್ತವ್ಯ.

ಮನವಿಯ ಭಾಷೆಯ ವಿಷಯದಲ್ಲಿ ನಮ್ಮ ವಾಚಕರಿಗೆ ಸಿಟ್ಟು ಬರಬಹುದಾದ ಮಾತೊಂದನ್ನು ಹೇಳಲೇಬೇಕಾಗಿದೆ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವ ನಾಗರಿಕನೂ ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಧಿಕಾರಿಗೂ ದೇಶದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು. ಆದುದರಿಂದ ಸಹಿ ಮಾಡುವ ಮೂಲ ಮನವಿಯು ಕನ್ನಡದ್ದೇ ಇರಲಿ. ಅದು ಬೇಡುವ ಭಿಕ್ಷೆಯಲ್ಲ, ಬರೆದಿಟ್ಟ ಹಕ್ಕು. ಆದರೆ ಅದರ ಬೆನ್ನಿಗೆ ಇಂಗ್ಲಿಷ್ ಇಲ್ಲವೆ ಹಿಂದಿಯ ಭಾಷಾಂತರವೂ ಇರಲಿ. ಬರಿಯ ಕನ್ನಡದ ಫಲಕಗಳನ್ನು ಹಿಡಿದು ದಿಲ್ಲಿಯ ಬೀದಿಯಲ್ಲಿ ನಿಂತರೆ ಅವನ್ನು ಓದುವವರು ಫಲಕ ಹಿಡಿದ ನಾವೇ. ಕೇಳುವವನಿಗೆ ತಿಳಿಯುವಂತೆ ಹೇಳುವದರಲ್ಲಿ ಅಭಿಮಾನಭಂಗವೇನೂ ಇಲ್ಲ. ಕನ್ನಡದಲ್ಲಿಯೇ ಉತ್ತರಿಸಬೇಕಾದವರು ಬೆಂಗಳೂರಿನ ಕಚೇರಿಗಳವರು. ಅಲ್ಲಿ ಒಂದು ಅಕ್ಷರವನ್ನೂ ಬಿಟ್ಟುಕೊಡದಿರೋಣ. ನಮ್ಮ ವೀರರಲ್ಲಿ ಅನೇಕರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ಕಾಲದ ವಿಚಾರ. ಸಂಸತ್ತು ಕೂಡಿದಾಗ ಹೋಗುವದು ಲೇಸು, ಆದರೆ ಕೂಡಿದ ಮೇಲೆ ಹೊರಡುವ ಸಿದ್ಧತೆ ಮಾಡಿದರೆ ಪ್ರಯೋಜನವಿಲ್ಲ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಸದಸ್ಯರು ಪೂರ್ಣ ಹದಿನೈದು ದಿವಸ ಮುಂಚಿತವಾಗಿ ಸೂಚನೆ ಕೊಡಬೇಕಾಗುವದು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರಿದ್ದಾರೆ. ಹೊರಡುವ ಒಂದು ತಿಂಗಳು ಮೊದಲೇ ಅವರ ಮನೆಗಳಿಗೆ ಹೋಗಿ, ಪ್ರಶ್ನೆಯನ್ನು ನಾವೇ ಬರೆದುಕೊಟ್ಟು, ಹಾಕಿದ್ದೀರೋ ಇಲ್ಲವೋ ಎಂದು ಮತ್ತೆ ಕೇಳಬೇಕು. ಪಕ್ಷಭೇದ ಮಾಡದೆ ಎಲ್ಲರನ್ನೂ ಕೇಳಬೇಕು. ಸೋಮವಾರಕ್ಕೆ ತಲುಪಿ ಗುರುವಾರದೊಳಗೆ ಕೆಲಸ ಮುಗಿಸತಕ್ಕದ್ದು. ಶುಕ್ರವಾರ ಮಧ್ಯಾಹ್ನವಾಯಿತೆಂದರೆ ನಮ್ಮ ಪ್ರತಿನಿಧಿಗಳ ಮನಸ್ಸು ವಿಮಾನ ನಿಲ್ದಾಣದಲ್ಲಿರುವದು. ಅದೇ ಸಂಜೆ ಅವರು ಹುಬ್ಬಳ್ಳಿಗೆ ಬರುವಾಗ ನಾವು ಅವರನ್ನು ದಿಲ್ಲಿಯಲ್ಲಿ ಹುಡುಕುವದೇಕೆ?

ರೇಲ್ವೆಯ ಆಸನಗಳನ್ನು 2024ರ ನವೆಂಬರದಿಂದ ಅರವತ್ತು ದಿವಸ ಮೊದಲು ಮಾತ್ರ ಕಾದಿರಿಸಲು ಬರುವದು. ಮೊದಲಿನ ನೂರಿಪ್ಪತ್ತು ದಿವಸಗಳ ಪದ್ಧತಿಯು ಹೋಯಿತು. ಬೆಂಗಳೂರಿನಿಂದ ದಿನಾಲು ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ಸು ರಾಯಚೂರು, ವಾಡಿ, ಕಲಬುರ್ಗಿಗಳ ಮಾರ್ಗವಾಗಿ ಎರಡು ರಾತ್ರಿ ಕಳೆದು ಹೊಸದಿಲ್ಲಿಯನ್ನು ಮುಟ್ಟುತ್ತದೆ. ಹುಬ್ಬಳ್ಳಿ, ಬೆಳಗಾವಿಗಳ ಮೇಲೆ ಹೋಗುವ ಸಂಪರ್ಕ ಕ್ರಾಂತಿಯು ದಿನಾಲು ಇಲ್ಲ, ಮತ್ತು ಅದು ಮುಟ್ಟುವದು ಹಜರತ್ ನಿಜಾಮುದ್ದೀನ ಸ್ಟೇಶನ್ನನ್ನು. ಎದುರುಗೊಳ್ಳುವವರಿಗೆ ಇದನ್ನು ತಿಳಿಸಿಟ್ಟಿರಬೇಕು. ಡಿಸೆಂಬರ, ಜನವರಿಗಳಲ್ಲಿ ಉತ್ತರದ ಮಂಜಿನಲ್ಲಿ ಬಂಡಿಗಳು ತಾಸುಗಟ್ಟಲೆ ತಡವಾಗುವದುಂಟು. ಭೆಟ್ಟಿಯ ದಿವಸವೇ ಇಳಿಯುವಂತೆ ಹೊರಟವರು ಭೆಟ್ಟಿಯ ಸಮಯದಲ್ಲಿ ಆಗ್ರಾದ ಹತ್ತಿರ ನಿಂತ ಬಂಡಿಯಲ್ಲಿ ಕುಳಿತಿರುತ್ತಾರೆ. ಒಂದು ದಿವಸ ಮೊದಲೇ ತಲುಪತಕ್ಕದ್ದು. ಟಿಕೀಟಿಲ್ಲದೆ ಹತ್ತುವದು ಚಳವಳಿಯೆಂದು ತಿಳಿದ ತರುಣರನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು. ಪರವೂರಿನ ಪ್ರಯಾಣಿಕರ ಆಸನಗಳನ್ನು ಆಕ್ರಮಿಸಿ ಜಯಘೋಷ ಮಾಡಿದರೆ ಯಾರ ಜಯವೂ ಆಗುವದಿಲ್ಲ.

ದಿಲ್ಲಿಯ ಚಳಿಯು ಧಾರವಾಡದ ಚಳಿಯಲ್ಲ. ಮುದುಕರಾದ ರೈತರು ಒಂದು ಧೋತರ, ಒಂದು ಅಂಗಿಯ ಮೇಲೆ ಹೋಗಿ ಕಾಲುದಾರಿಯಲ್ಲಿ ನಡುಗುವದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರನ್ನು ಕರೆದೊಯ್ದ ಮುಂದಾಳುಗಳು ಬೇರೆಡೆಯಲ್ಲಿ ಬೆಚ್ಚಗೆ ಮಲಗಿದ್ದರು. ನಮ್ಮ ಕರಿಯ ಕಂಬಳಿಗಿಂತ ಉತ್ತಮವಾದ ಹಾಸು ಹೊದಿಕೆ ದಿಲ್ಲಿಯಲ್ಲಿ ಸಿಕ್ಕಲಾರದು. ತಲೆಗೊಂದರಂತೆ ಹೊತ್ತುಕೊಂಡೇ ಹೋಗಬೇಕು. ಬುತ್ತಿಗೆ ಕಟಕರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳು ವಾರವಿಡೀ ಕೆಡುವದಿಲ್ಲ. ರಕ್ತದೊತ್ತಡ, ಸಕ್ಕರೆ ರೋಗಗಳಿದ್ದವರು ಎಂಟು ದಿವಸಗಳ ಔಷಧವನ್ನೂ, ವೈದ್ಯರ ಚೀಟಿಯನ್ನೂ ತಮ್ಮ ಚೀಲದಲ್ಲಿಯೇ ಇಡಬೇಕು. ಗುರುತಿನ ಚೀಟಿಯಿಲ್ಲದೆ ಯಾವ ಭವನದ ಬಾಗಿಲೂ ತೆರೆಯದು. ಒಳಗಿನವರು ಮೊದಲೇ ಹೆಸರುಗಳನ್ನು ಕೊಟ್ಟಿರದಿದ್ದರೆ ಚೀಟಿಯಿದ್ದರೂ ತೆರೆಯದು.

ವಸತಿಯ ವಿಷಯದಲ್ಲಿ ನಮ್ಮದೊಂದು ಆಗ್ರಹವಿದೆ. ಕೌಟಿಲ್ಯ ಮಾರ್ಗದಲ್ಲಿ ಕರ್ನಾಟಕ ಭವನದ ಹೊಸ ಕಟ್ಟಡ 'ಕಾವೇರಿ'ಯು 2025ರ ಏಪ್ರಿಲದಲ್ಲಿ ಉದ್ಘಾಟಿತವಾಯಿತು. ಚಂದದ ಕಟ್ಟಡ, ಸಂತೋಷ. ಆದರೆ ಕಟ್ಟಡವು ಕಂದಾಯ ಕೊಟ್ಟವರದು. ಶಾಸಕರಿಗೂ ಅಧಿಕಾರಿಗಳಿಗೂ ಕೋಣೆಗಳಿರುವಂತೆ, ನಾಡಿನ ಕೆಲಸಕ್ಕೆಂದು ಪತ್ರವನ್ನು ಹಿಡಿದು ಬಂದ ರೈತರಿಗೂ ವಿದ್ಯಾರ್ಥಿಗಳಿಗೂ ಐವತ್ತು ಹಾಸಿಗೆಗಳ ಒಂದು ಸಾಮಾನ್ಯ ಶಾಲೆಯನ್ನು ನಿಯಮಪೂರ್ವಕವಾಗಿ ಅಲ್ಲಿ ಮೀಸಲಿಡಬೇಕು. ಅಲ್ಲಿಯ ವರೆಗೆ ರಾಮಕೃಷ್ಣಪುರದ ದಿಲ್ಲಿ ಕರ್ನಾಟಕ ಸಂಘದ ಕನ್ನಡಿಗರ ಪರಿಚಯವನ್ನು ಮಾಡಿಕೊಂಡು ಹೋಗುವದು ಹಿತ. ಊರು, ದಾರಿ, ಭಾಷೆ ಬಲ್ಲ ಒಬ್ಬ ಕನ್ನಡಿಗನು ಜೊತೆಯಲ್ಲಿದ್ದರೆ ಹತ್ತು ಮುಂದಾಳುಗಳು ಬೇಡ. ಹಸಿದವರಿಗೆ ಬಂಗಲಾ ಸಾಹೇಬ ಗುರುದ್ವಾರದ ಲಂಗರು ಜಂತರ್ ಮಂತರಿನಿಂದ ನಡಿಗೆಯ ದೂರದಲ್ಲಿದೆ. ಯಾವ ಜಾತಿ, ಯಾವ ಊರೆಂದು ಕೇಳದೆ ಅಲ್ಲಿ ಅನ್ನವಿಕ್ಕುತ್ತಾರೆ.

ಜಂತರ್ ಮಂತರಿನಲ್ಲಿ ಕೂಡ್ರುವವರಿಗೊಂದು ಎಚ್ಚರಿಕೆ. ಜಯಸಿಂಹ ಮಹಾರಾಜನು ನಕ್ಷತ್ರಗಳನ್ನು ನೋಡಲು ಕಟ್ಟಿಸಿದ ವೇಧಶಾಲೆಯ ಪಕ್ಕದ ಈ ರಸ್ತೆಯು ದೇಶದ ದುಃಖಿತರ ಚಾವಡಿಯಾಗಿದೆ. 2017ರ ಅಕ್ಟೋಬರದಲ್ಲಿ ಹಸಿರು ನ್ಯಾಯಮಂಡಳಿಯು ಇಲ್ಲಿ ಧರಣಿಗಳನ್ನು ನಿಲ್ಲಿಸಿತು. 2018ರ ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯವು ಆ ಸಾರಾಸಗಟ ನಿಷೇಧವನ್ನು ತೆಗೆದು, ನಿಯಮಗಳನ್ನು ಮಾಡುವಂತೆ ಹೇಳಿತು. ಆದುದರಿಂದ ಕೂಡ್ರುವ ಹಕ್ಕೂ ಇದೆ, ಕಟ್ಟಳೆಯೂ ಇದೆ. ಪೋಲೀಸರ ಅನುಮತಿಯನ್ನು ಮೊದಲೇ ಬರಹದಲ್ಲಿ ಬೇಡಿ, ಜನರ ಸಂಖ್ಯೆ, ವೇಳೆ, ಧ್ವನಿವರ್ಧಕ ಇವನ್ನೆಲ್ಲ ಕಾಣಿಸಬೇಕು. ಅನುಮತಿಯನ್ನು ನಿರಾಕರಿಸಿದರೆ ಆ ನಿರಾಕರಣೆಯೂ ಬರಹದಲ್ಲಿ ಬೇಕು. ಮುಂದೆ ನ್ಯಾಯಾಲಯಕ್ಕೆ ಹೋಗಲು ಅದೇ ಆಧಾರ. ಸಂಸತ್ತಿನ ಸುತ್ತಲಿನ ಪ್ರದೇಶದಲ್ಲಿ ಗುಂಪು ಕೂಡಲು ನಿರ್ಬಂಧವಿರುವದನ್ನು ಅರಿಯದೆ ನುಗ್ಗಿದವರು ಬಂಧಿತರಾಗುವರು. ಬುದ್ಧಿಪೂರ್ವಕವಾಗಿ ಕಾಯದೆಯನ್ನು ಮುರಿದು ಶಿಕ್ಷೆಯನ್ನು ಸ್ವೀಕರಿಸುವದು ಸತ್ಯಾಗ್ರಹ. ಅರಿಯದೆ ಮುರಿದು, ಬಿಟ್ಟುಬಿಡಿರೆಂದು ಅಳುವದು ಸತ್ಯಾಗ್ರಹವಲ್ಲ. ಎರಡನೆಯದನ್ನು ಮೊದಲನೆಯದೆಂದು ಊರಲ್ಲಿ ಬಂದು ಭಾಷಣ ಮಾಡಿದವರೂ ಇದ್ದಾರೆ.

ಕೊನೆಯದು ಹಣದ ಲೆಕ್ಕ. ದಿಲ್ಲಿಗೆ ಹೋದವರು ಬರುವಾಗ ಆಗ್ರಾ, ಮಥುರಾ, ಹರದ್ವಾರಗಳನ್ನು ಮುಗಿಸಿಕೊಂಡು ಬರುವ ರೂಢಿಯಿದೆ. ತಾಜಮಹಲನ್ನು ನೋಡುವದು ಪಾಪವಲ್ಲ. ಕಾಯಿಪಲ್ಲೆ ಮಾರುವವಳ ಕಾಸಿನಲ್ಲಿ ನೋಡುವದು ಪಾಪ. ಬಯಸಿದವರು ತಮ್ಮ ಹಣದಲ್ಲಿ, ಬೇರೆ ಟಿಕೀಟಿನಲ್ಲಿ, ಬೇರೆ ಸಲ ಹೋಗಲಿ. ಕೂಡಿಸಿದ ಹಣವೆಷ್ಟು, ಹೋದವರೆಷ್ಟು, ಬಂಡಿ ವಸತಿಗಳಿಗೆ ಹಿಡಿದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವನ್ನು ಹಿಂದಿರುಗಿದ ಹದಿನೈದು ದಿವಸಗಳೊಳಗೆ ಊರ ಚಾವಡಿಯ ಗೋಡೆಗೆ ಅಂಟಿಸಬೇಕು. ಈ ಲೆಕ್ಕವನ್ನು ಕೇಳಿದವರಿಗೆ ನಾಡದ್ರೋಹಿಗಳೆಂಬ ಬಿರುದು ಸಿಕ್ಕುವದನ್ನು ನಾವು ಬಲ್ಲೆವು. ಆ ಬಿರುದನ್ನು ಈಗಾಗಲೇ ಎರಡು ಸಲ ಪಡೆದಿರುವೆವಾದ್ದರಿಂದ ಮೂರನೆಯ ಸಲ ಪಡೆಯಲು ಸಂಕೋಚವಿಲ್ಲ.

ಈ ಪತ್ರಿಕೆಯ ಸಂಪಾದಕರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಇನ್ನು ಮುಂದೆ ದಿಲ್ಲಿಯಿಂದ ಹಿಂದಿರುಗಿದ ಶಿಷ್ಟಮಂಡಲಗಳ ಭಾವಚಿತ್ರವು ಬಂದರೆ ಅದನ್ನು ಬದಿಗಿಟ್ಟು, ಮನವಿಯನ್ನು ಕೊಟ್ಟ ಕಚೇರಿ, ತಾರೀಖು, ನೋಂದಣಿಯ ಸಂಖ್ಯೆ ಈ ಮೂರನ್ನು ತರಿಸಿ ಅಚ್ಚು ಹಾಕಬೇಕು. ಆರು ತಿಂಗಳ ಮೇಲೆ ಅದೇ ಸಂಖ್ಯೆಯನ್ನು ಮತ್ತೊಮ್ಮೆ ಅಚ್ಚು ಹಾಕಿ, ಅದರ ಮುಂದೆ ಏನಾಯಿತೆಂದು ಕಾಣಿಸಬೇಕು. ಏನೂ ಆಗದಿದ್ದರೆ ಆ ಜಾಗವನ್ನು ಖಾಲಿ ಬಿಡಲಿ.